ಬಚ್ಚಲ ಹಿಂದಿನ ಕನಕಾಂಬರ

ಬೇವೂರು
೧೦ ಫೆಬ್ರವರಿ ೨೦೨೫

ಕಲ್ಲೆದೆಯ ಮೊಮ್ಮಗಳು ಅತೀಯಾಳಿಗೆ ದಾದಿಯ ಸಲಾಮು, ಜೊತೆಗೆ ಬೈಗುಳ.

ಹತ್ತು ತಿಂಗಳಾಯಿತು. ಗಂಗಾವತಿಯ ನರ್ಸರಿಯಲ್ಲಿ ಊರವರ ಗಿಡಕ್ಕೆಲ್ಲ ನೀರು ಹಾಕುವ ನಿನಗೆ ಮನೆಗೊಂದು ಕಾಗದ ಬರೆಯಲು ಕೈಗೆ ಲಕ್ವಾ ಹೊಡೆದಿದೆಯೇನೇ? ಮೂರನೇ ಕ್ಲಾಸಿಗೇ ಸಾಲಿ ಬಿಟ್ಟ ಮುದುಕಿ ನಾನೇ ಬರೆಯುತ್ತಿದ್ದೇನೆ, ತಪ್ಪು ಹುಡುಕಬೇಡ. ಫೋನು ಮಾಡೋಣವೆಂದರೆ ನಿಮ್ಮ ಅಬ್ಬಾ ಜಮೀರ ನಿನ್ನ ನಂಬರನ್ನೇ ಅಳಿಸಿಹಾಕಿದ್ದಾನೆ.

ಸಂಗತಿ ನಿನ್ನ ಕನಕಾಂಬರದ್ದು. ಕುಷ್ಟಗಿಯ ಟಿಪ್ಪುಸಾಬರ ಮಗನನ್ನು ಒಲ್ಲೆನೆಂದು ನೀನು ಬಸ್ಸು ಹತ್ತಿದ ದಿನ, ಕೊಟ್ಟ ಮಾತು ಹೋಯಿತೆಂದು ಜಮೀರ ಆ ಗಿಡವನ್ನು ಬೇರುಸಮೇತ ಕಿತ್ತು ಬಚ್ಚಲ ಹಿಂದೆ ಎಸೆದ. ಅವಳ ಹೆಸರೂ ಬೇಡ, ಅವಳ ಹೂವೂ ಬೇಡ ಎಂದ. ನಾನೂ ಹೂಂ ಎಂದೆ. ಗಿಡ ಅಲ್ಲೇ ಬಿದ್ದು ಒಣಗಿತು.

ಆಮೇಲೊಂದು ದಿನ ಬಚ್ಚಲ ನೀರು ತಾಗಿದ್ದೇ ತಡ, ಒಣಕಾಯಿಗಳು ಚಟಚಟ ಸಿಡಿದವು. ಹೆದರಿ ತಂಬಿಗೆ ಕೈಬಿಟ್ಟೆ. ಸ್ವಲ್ಪ ದಿನಕ್ಕೆ ಬೇವಿನ ನೆರಳಿನ ತಂಪು ಮಣ್ಣಲ್ಲಿ ಐದು ಸಸಿ! ಜಮೀರನ ಕಣ್ಣಿಗೆ ಬೀಳದಿರಲೆಂದು ಒಡಕು ಬುಟ್ಟಿ ಮುಚ್ಚಿದೆ.

ಇಲ್ಲಿಂದ ಮುಂದೆ ನನ್ನ ತಲೆ ಕೆಟ್ಟಿದೆ. ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಯಾರೋ ಗೋಣಿಚೀಲ ಕಟ್ಟಿದ್ದಾರೆ. ಬುಡಕ್ಕೆ ಗೊಬ್ಬರ ಬಿದ್ದಿದೆ. ಪಕ್ಕದ ಮನೆ ಗಾಳೆಮ್ಮನನ್ನು ಕೇಳಿದರೆ, "ನನ್ನ ಎಮ್ಮಿಗೇ ನೆರಳಿಲ್ಲ, ನಿನ್ನ ಗಿಡಕ್ಕ ಚೀಲ ಕಟ್ಟಲೇನಬೇ?" ಎಂದಳು. ಜಮೀರನೋ ಬಚ್ಚಲು ಬಿಟ್ಟು ಅಂಗಳದ ಕಲ್ಲಿನ ಮೇಲೆ ನಡುಗುತ್ತ ಜಳಕ ಮಾಡುತ್ತಾನೆ. ಯಾಕೆಂದು ಕೇಳಿದೆ. "ಬಚ್ಚಲದಾಗ ಚೇಳು ಅದಾವ ಅಮ್ಮಾ. ನೀನೂ ಅಲ್ಲಿ ಸಾಬೂನು ಹಚ್ಚಬ್ಯಾಡ" ಎಂದ. ಚೇಳಿಗೂ ಸಾಬೂನಿಗೂ ಏನು ಸಂಬಂಧವೇ?

ಮೊನ್ನೆ ಮೊದಲ ಹೂ ಬಿಟ್ಟಿತು. ಧೈರ್ಯ ಮಾಡಿ ನಿನ್ನ ಹೆಸರೆತ್ತಿದೆ. ಊಟದ ತಾಟು ಬಿಟ್ಟು ಎದ್ದುಹೋದ. ಹಾಗಾದರೆ ಚೀಲ ಕಟ್ಟಿದವರು ಯಾರು? ನಿನ್ನನ್ನು ಬಾ ಎನ್ನಲೋ, ಬರಬೇಡ ಎನ್ನಲೋ? ನೀನು ಬಂದಾಗ ಅವನು ಬಾಗಿಲು ಹಾಕಿಕೊಂಡರೆ ನಾನು ಯಾವ ಕಡೆ ನಿಲ್ಲಲಿ?

ಗಿಡದ ಮಾತಾದರೂ ಹೇಳು. ಐದೂ ಒತ್ತೊತ್ತಾಗಿವೆ, ಬೇರೆ ಬೇರೆ ನೆಡಲೋ ಬೇಡವೋ?

ನಿನ್ನ ದಾದಿ,
ಫಾತಿಮಾಬೀ

ತಾ.ಕ.: ವಿಳಾಸ ಗೊತ್ತಿಲ್ಲದೆ ಈ ಕಾಗದ ನಾಲ್ಕು ದಿನ ಹಿಟ್ಟಿನ ಡಬ್ಬಿಯಲ್ಲಿತ್ತು. ಇವತ್ತು ಜಮೀರನ ಅಂಗಿ ಒಗೆಯುವಾಗ ಜೇಬಿನಲ್ಲಿ ನಿನ್ನ ನರ್ಸರಿಯ ವಿಳಾಸವಿದ್ದ ಚೀಟಿ ಸಿಕ್ಕಿತು. ಹಿಂದೆ ಅವನದೇ ಅಕ್ಷರ: ನೆರಳು ಬೇಕು, ತಂಪು ಬೇಕು, ಸಾಬೂನು ನೀರು ಬೇಡ. ಅಲ್ಲಿಗೆ ಬಂದಿದ್ದನೇನೇ? ನಿನಗೆ ಮುಖ ತೋರಿಸಿದನೋ, ಗೇಟಿನಿಂದಲೇ ನೋಡಿ ತಿರುಗಿದನೋ? ಮುಂದಿನ ತಿಂಗಳು ರಂಜಾನ. ಅದರ ಚಂದ್ರ ಕಾಣುವುದರೊಳಗೆ ಉತ್ತರ ಬರೆ.