ಬುಟ್ಟಿಗೆ ಹಾಕಿದ ಚಾಳೀಸು

ಪ್ರಾಜಕ್ತಾಳ ಪಪ್ಪಾ,

ಕುಡಚಿಗೆ ಹೊರಟಿದ್ದೇನೆ. ಅಲ್ಲಿ ನಿನ್ನೆಯ ಪ್ರಾರ್ಥನಾ ಕೂಟದಲ್ಲಿ ಬೋಧಕರು "ನಂಬಿದವ್ರಿಗೆ ಚಾಳೀಸ ಯಾಕ್ರಿ?" ಎಂದಾಗ ನಿಮ್ಮ ಅವ್ವ ಕಾಣಿಕೆ ಬುಟ್ಟಿಗೆ ಹಾಕಿಬಿಟ್ಟ ಕಣ್ಣಿನ ಚಾಳೀಸನ್ನು ಹುಡುಕಿ ತರುತ್ತೇನೆ.

ಅಲ್ಲಿಯವರೆಗೆ ಅವರಿಗೆ ಗ್ಯಾಸ್ ಹಚ್ಚಲು ಬಿಡಬೇಡಿ.

ಬೆಳಿಗ್ಗೆ ಅವರು ಸಕ್ಕರೆ ಡಬ್ಬಿ ಯಾವುದೆಂದು ಕಾಣದೆ ಚಹಾಕ್ಕೆ ಉಪ್ಪು ಹಾಕಿದರು. ನೀವು ಅದನ್ನೇ ಕುಡಿದು, "ಛಲೋ ಆಗೇತಿ ಬೇ, ಯೇಸಪ್ಪ ನಿನಗ ಕಣ್ಣ ಕೊಟ್ಟಾನ" ಎಂದಿರಿ. ಪಾಪ, ಅವರು ನಗುತ್ತ ಎದ್ದು ಹೋಗಿ ಚೌಕಟ್ಟಿಗೆ ಹಣೆ ಬಡಿದುಕೊಂಡರು. ಅರಿಶಿನ ಹಚ್ಚಿ.

ನನ್ನ ವಿಶ್ವಾಸವೇ ಸಣ್ಣದೇನೋ, ತಿಳಿಯದು. ನಾನೂ ದೇವರನ್ನು ಕಂಡಿಲ್ಲ; ಆದರೂ ದಿನವೂ ನಂಬುತ್ತೇನೆ. ಕಂಡೆನೆಂದು ಯಾರಿಗೂ ಸುಳ್ಳು ಹೇಳಿಲ್ಲ.

ಕಾಂಚನ