ನೀರಜಾಳ ಉಕ್ತಲೇಖನ

ನಾಶಿಕ್
12 ಜನವರಿ 1987, ಸೋಮವಾರ

ಮರಾಠಿ ಪುಸ್ತಕದಿಂದ ಹತ್ತು ಶಬ್ದ ಹೇಳಿ ಬರೆಸಿದೆ. ಮಗಳು ನೀರಜಾಗೆ ಏಳು ಸರಿ! ಖುಷಿ ಎರಡೇ ನಿಮಿಷ. ಆಮೇಲೆ ಗಮನಿಸಿದೆ — ಕತ್ತೆ, ನನ್ನ ಬಾಯಿಯನ್ನೇ ನೋಡಿ ಬರೆಯುತ್ತಾಳೆ. ಆರು ವರ್ಷಕ್ಕೇ ಕಾಪಿ! ಧಾರವಾಡದಲ್ಲಿ ಏಳು ವರ್ಷ ಒಂದನೇ ಇಯತ್ತೆಗೆ ಕಲಿಸಿದವಳು ನಾನು, ಇಂಥ ಕಳ್ಳಾಟ ಗೊತ್ತಿಲ್ಲವೇ? ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ಹೇಳಿದೆ. ಹತ್ತಕ್ಕೆ ಒಂದು.

19 ಜನವರಿ

ಶಾಲೆಯಿಂದ ಚೀಟಿ. ಲಕ್ಷ್ಯವಿಲ್ಲವಂತೆ, ಹೀಗೇ ಆದರೆ ಅದೇ ಇಯತ್ತೆಯಲ್ಲಿ ಕೂರಿಸುತ್ತಾರಂತೆ. ಕಲಿಸಲು ಬಾರದ ಟೀಚರು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇವರು ಪೇಪರ್ ಓದುತ್ತಲೇ ಹೇಳಿದರು, "ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ಓಣ್ಯಾಗ ಹಿಂದಿ. ಮೂರು ಭಾಷಾದಾಗ ಕೂಸು ತಡಾ ಮಾಡ್ತದ. ನಮ್ಮ ಬ್ಯಾಂಕಿನವರೆಲ್ಲಾರ ಮನ್ಯಾಗೂ ಹಿಂಗ ಅದ." ವರ್ಗದ ನೌಕರಿಯವರಿಗೆ ಎಲ್ಲದಕ್ಕೂ ಇದೊಂದೇ ಔಷಧ. ನಾನೂ ನಂಬಿದೆ.

3 ಫೆಬ್ರವರಿ

ಪುಸ್ತಕ ಅಡ್ಡ ಹಿಡಿದೇ ಹೇಳುತ್ತೇನೆ ಈಗ. ಇವತ್ತೂ ಸೊನ್ನೆ. ಹೊಡೆದೆ... ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದವು. ಅಳುತ್ತಲೇ ಪುಸ್ತಕ ಕೆಳಗಿಳಿಸಲು ನನ್ನ ಕೈ ಜಗ್ಗುತ್ತಿದ್ದಳು. ಎಂಥ ಮೊಂಡುತನ!

17 ಮಾರ್ಚ್

ಎದುರು ಮನೆಯ ಶಾಂತಾಬಾಯಿ ಬಂದಿದ್ದರು. ಬೀದರ ಕಡೆಯವರು. ಅವರ ಕೈಯಿಂದ ಹಿಟ್ಟು ನಾದುವ ಪರಾತ ಢಣ್ಣನೆ ಬಿತ್ತು, ನೀರಜಾಳ ಬೆನ್ನ ಹಿಂದೆಯೇ. ನಾನು ಬೆಚ್ಚಿದೆ. ಅವಳು ಚಿತ್ರಕ್ಕೆ ಬಣ್ಣ ತುಂಬುತ್ತಲೇ ಇದ್ದಳು. ಶಾಂತಾಬಾಯಿ ಬೇಕೆಂದೇ ಮತ್ತೊಮ್ಮೆ ಬೀಳಿಸಿದರು.

"ಅಕ್ಕೋರೆ, ಹುಡ್ಗಿಗಿ ಕೇಳಸಲ್ಲ ಕಾಣ್ತದ್ರಿ."

ಬೈದು ಕಳಿಸಿದೆ. ಬಾಗಿಲು ಹಾಕಿ ನಾನೂ ಬೀಳಿಸಿದೆ. ನಾಲ್ಕು ಸಲ.

ಸಂಜೆ ಇವರಿಗೆ ಹೇಳಿದ್ದಕ್ಕೆ ಅಂದರು, "ವರ್ಗದ ಆರ್ಡರ್ ಬರೂದದ. ಔರಂಗಾಬಾದಿಗೆ ಹೋದಮ್ಯಾಲೆ ದೊಡ್ಡ ಡಾಕ್ಟರಿಗೆ ತೋರಸೋಣು." ಹೂಂ ಅಂದೆ. ಹೂಂ ಅಂದವಳು ನಾನೇ.

ಔರಂಗಾಬಾದ್
6 ಜುಲೈ

ಎರಡೂ ಕಿವಿ. ಮಷಿನ್ ಹಾಕಿದರೂ ಅಷ್ಟಕ್ಕಷ್ಟೇ. ಎರಡು ವರ್ಷ ಮೊದಲೇ ಬರಬೇಕಿತ್ತು ಎಂದರು ಡಾಕ್ಟರ್. ಇಷ್ಟು ದಿನ ತುಟಿ ನೋಡಿಯೇ ಮಾತು ತಿಳಿದುಕೊಂಡಿದ್ದಾಳೆ, ಬಹಳ ಜಾಣೆ, ಎಂದರು. ಜಾಣೆ! ಅವಳು ಕಲಿಯುತ್ತಿದ್ದದ್ದೇ ನನ್ನ ಬಾಯಿಂದ. ಅದನ್ನೇ ಮುಚ್ಚಿ ಹೊಡೆದೆ. ನನ್ನ ಕೈಗೆ ಹುಳ ಬೀಳಲಿ.

ಇನ್ನು ಒಂದೇ ಭಾಷೆಯಂತೆ, ಮರಾಠಿ. ಕನ್ನಡ ಬಿಡಬೇಕು. ನನ್ನ ಮರಾಠಿ ಕೊತ್ತಂಬರಿ ಕೊಳ್ಳುವಷ್ಟು.

20 ಆಗಸ್ಟ್

ಕಿವಿಯ ಮಷಿನ್ನಿನ ಡಬ್ಬಿ ಎದೆಗೆ ಕಟ್ಟಿದರೆ ಕಿತ್ತು ಹಾಕುತ್ತಾಳೆ. ಮೊದಲು ನನ್ನ ಮುಖವನ್ನೇ ನೋಡುತ್ತಿದ್ದವಳು ಈಗ ನೋಡುವುದಿಲ್ಲ. ಗಲ್ಲ ಹಿಡಿದು ತಿರುಗಿಸಿದರೆ ಕಣ್ಣು ಗೋಡೆಗೆ. ಶಾಲೆ ಬಿಟ್ಟಾಯಿತು. ಇವರು ಆಫೀಸಿನಿಂದ ತಡವಾಗಿ ಬರುತ್ತಾರೆ, ಪೇಪರನ್ನೂ ಓದುವುದಿಲ್ಲ.

9 ಸೆಪ್ಟೆಂಬರ್, ಬೆಳಿಗ್ಗೆ 10

ನೆಲದ ಮೇಲೆ ಎದುರಿಗೆ ಕೂತೆ. ಪಾಠವಲ್ಲ. ತಪ್ಪಾಯ್ತು ಕೂಸೇ ಎಂದು ಹೇಳಬೇಕಿತ್ತು, ಅಷ್ಟೇ. ಬಾಯಿ ತೆರೆದದ್ದು ಕಂಡಳು. ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು.

ಕರೆದರೆ ಕೇಳದು. ಕೈ ಬಿಡಿಸಿದರೆ ಹೊಡೆಯಲು ಬಂದೆ ಎಂದುಕೊಂಡಾಳು. ಕಾಯುತ್ತಿದ್ದೇನೆ, ಇದನ್ನು ಬರೆಯುತ್ತ. ಅಡುಗೆ ಆಗಿಲ್ಲ.

ಈಗ ಒಂದು ಬೆರಳು ಸರಿಸಿ ನೋಡಿದಳು, ಎದ್ದು ಹೋದೆನೋ ಎಂದು. ಹೋಗಿಲ್ಲ. ಇಲ್ಲೇ ಇದ್ದೇನೆ. ಮತ್ತೆ ಮುಚ್ಚಿಕೊಂಡಳು. ಕಾಯುತ್ತೇನೆ.