ಅ ಎಂದರೆ ಅಂಚು

ಮಾರ್ಚ್ 4
ಬಾ 2. ಅ 0.
ಮೂವತ್ತೆರಡು ಕೋಟುಗಳಿಗೆ ಗುಂಡಿ ಹಾಕಿದೆ. ಎಲ್ಲ ಬಿಳಿ, ಆಸ್ಪತ್ರೆಯವರದು. ಊಟದ ಹೊತ್ತಿಗೆ ಅನ್ನ ನೀರುನೀರಾಗಿ ಕಲಸಿ ನುಂಗಿದೆ. ಕೆಳದುಟಿಯ ಒಳಗೆ ಒಂದು ಹುಣ್ಣು, ನಾಲಿಗೆಯ ಪಕ್ಕ ಒಂದು. ಪಕ್ಕದ ಸ್ಟೂಲಿನ ಗುಂಡಿಯಕ್ಕ — ಇಪ್ಪತ್ತು ವರ್ಷದಿಂದ ಗುಂಡಿಯನ್ನೇ ಹಾಕುತ್ತಿರುವುದಕ್ಕೆ ಆ ಹೆಸರು — ಕೇಳಿದಳು. "ಏನೇ ಮೂಗಿ, ಇವತ್ತೂ ಬಾಯಿಗೆ ಬೀಗಾನಾ?"
ತಲೆ ಆಡಿಸಿದೆ.
"ಹೀಟು. ನೀರು ಕುಡಿ."
ಎರಡು ವರ್ಷದಿಂದ ಕುಡಿಯುತ್ತಲೇ ಇದ್ದೇನೆ.

ಮಾರ್ಚ್ 11
ಬಾ 0. ಅ 0.
ಒಣಗಿತು. ಯಾಕೆ ಬಂತು, ಯಾಕೆ ಹೋಯಿತು, ಗೊತ್ತಿಲ್ಲ. ಖಾರ ಬಿಟ್ಟಾಗಲೂ ಬಂದಿದೆ. ತಿಂದಾಗ ಬಾರದೆ ಇದ್ದದ್ದೂ ಇದೆ. ಅದಕ್ಕೇ ಬರೆದಿಡುವುದು. ನಮ್ಮ ಹೊಲಿಗೆ ಅಂಗಡಿಯ ಹಳೆಯ ಅಳತೆ ಪುಸ್ತಕ ಇದು, ಹಿಂದಿನ ಅರ್ಧ ಖಾಲಿ ಇತ್ತು, ಕೇಳಿ ತಂದುಕೊಂಡೆ. ನಮ್ಮಲ್ಲಿ ತೋ ಎಂದರೆ ತೋಳು, ಎ ಎಂದರೆ ಎದೆ. ನಾನೂ ಹಾಗೇ. ಬಾ ಎಂದರೆ ಬಾಯಿ. ಅ ಎಂದರೆ ಅಲ್ಲಿ. ಎಲ್ಲಿ ಎಂದು ಇಲ್ಲಿಯೂ ಬರೆಯಲಾರೆ.
ಮನೆಯಲ್ಲಿ ನನ್ನ ಅಕ್ಕನಿಗೆ ಸಾಲು ಓದುವ ತಾಳ್ಮೆ ಇಲ್ಲ. ಮೇಲಿನ ಅಕ್ಷರ ನೋಡಿ, ಯಾರದೋ ಅಂಗಿಯ ಅಳತೆ ಎಂದು ಮುಚ್ಚಿಡುತ್ತಾಳೆ. ಸದ್ಯ.

ಮಾರ್ಚ್ 19
ಬಾ 3. ಅ 2.
ನಡೆದರೆ ಉರಿ. ಮೂತ್ರಕ್ಕೆ ಹೋಗಲು ಭಯ. ಔಷಧಿ ಅಂಗಡಿಯಲ್ಲಿ ಹುಣ್ಣಿಗೆ ಮುಲಾಮು ಕೇಳಿದೆ.
"ಎಲ್ಲಿಗಮ್ಮಾ?"
ಹಿಂದೆ ನಾಲ್ಕು ಜನ. "ಬಾಯಿಗೆ" ಎಂದೆ.
ಬಾಯಿಯದನ್ನೇ ಕೊಟ್ಟ. ಅದನ್ನೇ ಅಲ್ಲಿ ಹಚ್ಚಿದೆ. ಸಿಹಿ ವಾಸನೆ. ಗೋಡೆ ಹಿಡಿದು ನಿಂತೆ...
ಅಂಥ ಜಾಗದ ಹುಣ್ಣು ಕೆಟ್ಟ ಸಹವಾಸದಿಂದ ಬರುತ್ತದಂತೆ. ಗುಂಡಿಯಕ್ಕ ಯಾರದೋ ವಿಷಯ ಆಡುವಾಗ ಕೇಳಿದ್ದೆ. ನಾನು ಯಾರ ಸಹವಾಸವನ್ನೂ ಮಾಡಿಲ್ಲ. ಗಂಡಸರ ಎದುರು ಮಾತಾಡಲೂ ನನಗೆ ಬಾರದು. ಮತ್ತೆ ಹೇಗೆ? ಬಸ್ಸಿನ ಸೀಟಾ? ಕೆಲಸದ ಕಡೆಯ ಬಚ್ಚಲಾ? ಹೇಳಿದರೆ ಯಾರು ನಂಬುತ್ತಾರೆ?

ಮಾರ್ಚ್ 27
ಬಾ 1. ಅ 2, ಒಂದು ಆಳ.
ಮೊನ್ನೆ ಎಡಗೈಗೆ ಸೂಜಿ ಚುಚ್ಚಿತ್ತು. ಇವತ್ತು ಚುಚ್ಚಿದ ಕಡೆ ಕೀವಿನ ಬೊಕ್ಕೆ. ಹೋದ ವಾರವೂ ಹೀಗೇ. ಸೂಜಿ ಕುದಿಸಿದೆ. ಬದಲಾಯಿಸಿದೆ. ಗುಂಡಿಯಕ್ಕನಿಗೆ ದಿನಕ್ಕೆ ಹತ್ತು ಸಲ ಚುಚ್ಚುತ್ತದೆ, ಬೆರಳು ಚೀಪಿ ಮರೆತುಬಿಡುತ್ತಾಳೆ.
ಇನ್ನೊಂದು. ಪುಸ್ತಕ ಮೇಜಿನ ಮೇಲೆ ಬಿಟ್ಟು ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಕಟಿಂಗ್ ಮಾಸ್ಟರ ಕೈಯಲ್ಲಿ ಅದು. ಬಟ್ಟೆ ಕತ್ತರಿಸುವವರು, ಅಳತೆ ಕಂಡಲ್ಲಿ ಕಣ್ಣು ಹೋಗುತ್ತದೆ.
"ಈ 'ಅ' ಯಾವ ಅಳತೆ? ನನ್ನ ಸರ್ವೀಸಲ್ಲೇ ನೋಡಿಲ್ಲ."
ಬಾಯಿಗೆ ಬಂದದ್ದು ಹೇಳಿದೆ. "ಅಂಚು."
"ಎರಡಿಂಚು ಅಂಚಾ? ಯಾರಿಗಮ್ಮಾ, ಆನೆಗಾ?"
ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಪುಸ್ತಕ ಇಸಿದುಕೊಂಡು ಚೀಲದ ತಳಕ್ಕೆ ಹಾಕಿದೆ.

ಏಪ್ರಿಲ್ 20
ಎಡಗಣ್ಣು ಮುಚ್ಚಿಕೊಂಡರೆ ಈ ಸಾಲು ಕಾಣುವುದಿಲ್ಲ.
ಬಲಗಣ್ಣು ಹತ್ತು ದಿನದಿಂದ ಕೆಂಪು. ಬೆಳಕು ನೋಡಿದರೆ ಇರಿತ. ಬಿಳಿ ಕೋಟಿನ ಮೇಲೆ ಕಪ್ಪು ದಾರದ ತುಂಡು ತೇಲುತ್ತದೆ, ಹೆಕ್ಕಲು ಹೋದರೆ ಇಲ್ಲ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಗುಂಡಿಯಕ್ಕ ಏನೂ ಅನ್ನದೆ ಹತ್ತು ಸೂಜಿ ಪೋಣಿಸಿ ನನ್ನ ಮುಂದಿನ ಬಟ್ಟೆಗೆ ಚುಚ್ಚಿಟ್ಟಳು. ಅವಳು ಏನೂ ಅನ್ನದೇ ಇದ್ದದ್ದಕ್ಕೇ ಹೆದರಿಕೆ ಆಯಿತು.
ಕಣ್ಣು ಹೋದರೆ ನನಗೆ ಬೇರೆ ಯಾವ ಕೆಲಸ ಬರುತ್ತದೆ?

ಏಪ್ರಿಲ್ 22
ಅಕ್ಕನ ಜೊತೆ ಕಣ್ಣಿನ ಡಾಕ್ಟರ ಬಳಿಗೆ. ಏನೋ ಹಾಕಿ ಪಾಪೆ ಅಗಲ ಮಾಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಬಾಯಲ್ಲಿ ಆಗಾಗ ಹುಣ್ಣಾಗುತ್ತಾ?"
ಕಣ್ಣಿನೊಳಗೆ ಇಣುಕಿದರೆ ಬಾಯಿ ಕಾಣುತ್ತದಾ?
"ಆಗುತ್ತೆ ಸಾರ್, ಯಾವಾಗಲೂ" ಎಂದಳು ಅಕ್ಕ.
"ಬೇರೆ ಎಲ್ಲಾದರೂ?"
ಅಕ್ಕನ ಮೊಣಕೈ ನನಗೆ ತಾಗಿಕೊಂಡೇ ಇತ್ತು. "ಇಲ್ಲ" ಎಂದೆ.
"ಸರಿಯಾಗಿ ನೆನಪು ಮಾಡ್ಕೊ. ಕಣ್ಣು ಉಳಿಸೋ ಪ್ರಶ್ನೆ."
"ಇಲ್ಲ."
ಡ್ರಾಪ್ಸ್ ಕೊಟ್ಟು, ಕೀಲು ನೋಡುವ ಡಾಕ್ಟರಿಗೆ ಚೀಟಿ ಬರೆದರು. ದಾರಿಯುದ್ದಕ್ಕೂ ಅಕ್ಕನದು ಒಂದೇ ಗೊಣಗಾಟ. "ಕಣ್ಣಿಗೆ ಅಂತ ಬಂದ್ರೆ ಕೀಲಿನ ಡಾಕ್ಟರಂತೆ. ನಾಳೆ ಹಲ್ಲುನೋವು ಅಂದ್ರೆ ಕಿವಿ ಕುಯ್ತಾರೆ."
ಅ ಇವತ್ತು 1. ಕಣ್ಣಿಗೂ ಅದಕ್ಕೂ ಏನು ಸಂಬಂಧ? ಇದ್ದರೆ? ನನ್ನ ಒಂದು 'ಇಲ್ಲ'ದಿಂದ...

ಏಪ್ರಿಲ್ 28
ಕೀಲಿನ ಡಾಕ್ಟರು ಹೆಂಗಸು. ಅವರ ಕೋಟಿನ ಮೂರನೇ ಗುಂಡಿ ಸಡಿಲ, ಎರಡೇ ಸುತ್ತು ದಾರ. ನಮ್ಮಲ್ಲಿಯದಲ್ಲ. ಅದನ್ನೇ ನೋಡುತ್ತಾ ಕೂತೆ. ಅವರೂ ಅದೇ ಪ್ರಶ್ನೆ. ಅಕ್ಕನೂ ಹಾಗೇ ಪಕ್ಕದಲ್ಲಿ. ನಾನೂ ಅದೇ ಉತ್ತರ.
ಮುಂಗೈಗೆ ಸುಮ್ಮನೆ ಒಂದು ಸೂಜಿ ಚುಚ್ಚಿದರು. ಔಷಧಿ ಇಲ್ಲ, ಏನಿಲ್ಲ. "ಎರಡು ದಿನ ಬಿಟ್ಟು ಬಾ. ಏನಾಗುತ್ತೆ ನೋಡೋಣ."
ಏನಾಗುತ್ತದೆ ಎಂದು ನನಗೆ ಗೊತ್ತು. ಹೇಳಲಿಲ್ಲ.

ಏಪ್ರಿಲ್ 29, ಬೆಳಿಗ್ಗೆ 8
ಕೆಂಪು.

ಏಪ್ರಿಲ್ 29, ಸಂಜೆ
ಉಬ್ಬಿದೆ. ನಡುವೆ ಬಿಳಿ ಚುಕ್ಕೆ.

ಏಪ್ರಿಲ್ 30
ಡಾಕ್ಟರಮ್ಮ ಕೈ ನೋಡಿದರು. ಸ್ಕೇಲ್ ಇಟ್ಟು ಅಳೆದರು. ಅಕ್ಕನ ಕೈಗೆ ಕಾಗದ ಕೊಟ್ಟು, "ಮುಂದಿನ ಬಾಗಿಲಲ್ಲಿ ಸೀಲ್ ಹಾಕಿಸ್ಕೊಂಡು ಬನ್ನಿ" ಎಂದರು. ಅಕ್ಕ ಹೋದಳು. ಪರದೆ ಎಳೆದರು.
"ಈಗ ಹೇಳು."
ಚೀಲದಿಂದ ಈ ಪುಸ್ತಕ ತೆಗೆದು ಮುಂದೆ ಇಟ್ಟೆ. ಬೇಕೆಂದು ತಂದಿದ್ದೆನಾ? ಗೊತ್ತಿಲ್ಲ. ಪುಟ ತಿರುಗಿಸಿದರು. "ಬಾ ಅಂದ್ರೆ ಬಾಯಿ. ಅ ಅಂದ್ರೆ?"
"ಅಂಚು."
"ಯಾವುದರ ಅಂಚು?"
ಅವರು ಆ ಜಾಗದ ಹೆಸರು ಹೇಳಿದರು, ಕಣ್ಣು ಮೂಗು ಎನ್ನುವಷ್ಟೇ ಸಲೀಸಾಗಿ. ಕಿವಿ ಬಿಸಿಯಾಯಿತು. ತಲೆ ಆಡಿಸಿದೆ. ಪರೀಕ್ಷೆ ಮಾಡಿದರು. ಹಳೆಯ ಕಲೆಗಳೂ ಇವೆಯಂತೆ.
"ಹುಣ್ಣು ಅಂಚಲ್ಲೇ ಇದೆ. ಅಂಚು ಅಂದಿದ್ದು ಸುಳ್ಳಲ್ಲ ಬಿಡು" ಎಂದರು. ಆಮೇಲೆ, "ಕೇಳಿಲ್ಲಿ. ಇದು ಯಾರಿಂದಲೂ ಬಂದಿದ್ದಲ್ಲ. ಯಾರಿಗೂ ಅಂಟೋದಿಲ್ಲ. ಸೂಜಿ ಚುಚ್ಚಿದರೆ ಬೇರೆಯವರ ಮೈ ಸುಮ್ಮನಿರುತ್ತೆ. ನಿನ್ನದು ರಂಪ ಮಾಡುತ್ತೆ. ಬಾಯಿ, ಕಣ್ಣು, ಅಲ್ಲಿ, ಎಲ್ಲ ಒಂದೇ ರಂಪ. ರಕ್ತ ಪರೀಕ್ಷೆಯಲ್ಲಿ ಇದು ಸಿಗಲ್ಲ. ನೀನು ಬರೆದಿಟ್ಟಿದ್ದಕ್ಕೆ ಸಿಕ್ಕಿತು."
ಯಾಕೆ ಹೀಗೆ ಎಂದು ಕೇಳಿದೆ. ನಾನಾಗಿ ಕೇಳಿದ್ದು ಅದೊಂದೇ.
"ಪೂರ್ತಿ ಯಾರಿಗೂ ಗೊತ್ತಿಲ್ಲ."
ಡಾಕ್ಟರಿಗೇ ಗೊತ್ತಿಲ್ಲದಿದ್ದರೆ ಇನ್ನು ಯಾರನ್ನು ಕೇಳುವುದು? ಮಾತ್ರೆ ದಿನವೂ. ಬಿಟ್ಟರೆ ಕಣ್ಣು. ಇನ್ನು ಮುಂದೆ ಅಕ್ಷರ ಬೇಡ, ಪೂರ್ತಿ ಹೆಸರು ಬರೆ ಎಂದರು. ಮತ್ತು ಮನೆಯಲ್ಲಿ ಒಬ್ಬರಿಗಾದರೂ ಹೇಳು ಎಂದರು. ಹುಣ್ಣು ಜಾಸ್ತಿಯಾದ ದಿನ ಒಬ್ಬಳೇ ಗೋಡೆ ಹಿಡಿದು ನಿಲ್ಲಬಾರದಂತೆ. ಆ ಪುಟವನ್ನೂ ಓದಿದ್ದಾರೆ.

ಮೇ 2
ಬಾಯಿ 1. ಬಲಗಣ್ಣು ಸ್ವಲ್ಪ ತಿಳಿ. ಅ 1.
ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿದೆ. ಐದನೇ ಕ್ಲಾಸಿಗೆ ಬಿಟ್ಟವಳಿಗೆ ಅಕ್ಷರ ಕೂಡಿಸಲು ಬರಲಿಲ್ಲ. ಕಟಿಂಗ್ ಮಾಸ್ಟರು ಓದಿ ಹೇಳಿದರು. ಬೆಹ್ಸೆಟ್.
"ಬಕೆಟ್ ಕಾಯಿಲೆನಾ?" ಗುಂಡಿಯಕ್ಕ.
ಮೈ ರಂಪ ಮಾಡುವುದರ ಬಗ್ಗೆ ನನಗೆ ಅರ್ಥವಾದಷ್ಟು ಹೇಳಿದೆ. ಅವಳು ದಾರ ಕಚ್ಚಿ ಹರಿದು ಯೋಚಿಸಿದಳು. "ನೀನಂತೂ ಜನ್ಮದಲ್ಲಿ ಜಗಳ ಆಡಿದವಳಲ್ಲ. ಮೈ ಆದ್ರೂ ಜಗಳಗಂಟಿ ಆಯ್ತಲ್ಲ." ಸಂಜೆ ಬೆರಳಿಗೆ ಹಾಕುವ ತನ್ನ ಲೋಹದ ಟೋಪಿಯನ್ನು ನನ್ನ ಡಬ್ಬಿಯಲ್ಲಿ ಇಟ್ಟು ಹೋಗಿದ್ದಾಳೆ.

ಮೇ 4
ಅಕ್ಕ ಮಾತು ಬಿಟ್ಟಿದ್ದಾಳೆ. ಇವತ್ತು ತಟ್ಟೆ ಕುಕ್ಕಿ ಒಂದೇ ಸಲಕ್ಕೆ, "ಹೆತ್ತಿಲ್ಲ ಅಷ್ಟೇ. ಸಾಕಿದ್ದು ನಾನೇ ಅಲ್ವಾ? ನನ್ನ ಹೊರಗೆ ಕಳಿಸಿ ಅವರ ಹತ್ತಿರ ಏನು ಹೇಳಿದೆ?"
ಏನೂ ಇಲ್ಲ ಎಂದೆ. ಮತ್ತೆ 'ಇಲ್ಲ'.
ಅವಳು ಏನೆಂದುಕೊಂಡಿದ್ದಾಳೆ? ಅವಳು ಊಹಿಸಿದ್ದು ನಿಜಕ್ಕಿಂತ ಕೆಟ್ಟದ್ದಿರಬಹುದು. ಅದು ನನಗೆ ಹೊಳೆದಿರಲಿಲ್ಲ.

ಮೇ 6, ಸಂಜೆ 5:30
ಬಾಯಿ 0. ಕಣ್ಣು, ಎರಡನೇ ಸಲಕ್ಕೆ ದಾರ ಪೋಣಿಸಿತು. ಕೈಯ ಬೊಕ್ಕೆ ಒಣಗಿದೆ. ಅ
ಇಲ್ಲಿ ಪೂರ್ತಿ ಬರೆಯಬೇಕು. ಪೆನ್ನು ನಿಂತುಬಿಡುತ್ತದೆ. ಬಾಯಲ್ಲಿ ಹೇಳುವುದಂತೂ ಈ ಜನ್ಮಕ್ಕೆ ಆಗದ ಮಾತು.
ಅಕ್ಕ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದಾಳೆ. ನನ್ನ ಕಡೆ ನೋಡುತ್ತಿಲ್ಲ. ಈ ಸಾಲು ಮುಗಿಸಿ ಪುಸ್ತಕವನ್ನು ಅವಳ ಕಡೆ ತಿರುಗಿಸುತ್ತೇನೆ.
ಅಕ್ಕಾ, ಮೇಲಿನ ಅಕ್ಷರ ನೋಡಿ ಮುಚ್ಚಬೇಡ. ಮೊದಲಿನಿಂದ ಓದು. ನಿಧಾನಕ್ಕೆ. ನಾನು ಏನೂ ತಪ್ಪು ಮಾಡಿಲ್ಲ. ಅ ಎಂದರೆ ಅಂಚಲ್ಲ. ಅ ಎಂದರೆ